ಸಂಕ್ರಾಂತಿ ಕಾರ್ಡು, ಜೊತೆಗೆ ಓದಿದ ಪುಸ್ತಕದ ಎರಡು ಸಾಲು

ಸಂಕ್ರಾಂತಿ ಕಾರ್ಡು ಜನವರಿ 5ರೊಳಗೆ ಅಂಚೆ ಡಬ್ಬಿಗೆ ಬಿದ್ದಿರಬೇಕು. ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ರಾಜ್ಯದೊಳಗೆ ಕಾಗದ ಮೂರು ನಾಲ್ಕು ದಿನದಲ್ಲಿ ಮುಟ್ಟಬಹುದು. ಹಳ್ಳಿಯಾದರೆ ಇನ್ನೆರಡು ದಿನ ಜಾಸ್ತಿ ಹಿಡಿಯಿರಿ, ಮಧ್ಯೆ ಒಂದು ಭಾನುವಾರವಂತೂ ಬಂದೇ ಬರುತ್ತದೆ. ಅಮೆರಿಕದಲ್ಲಿರುವ ಮಗಳಿಗೋ ಮೊಮ್ಮಕ್ಕಳಿಗೋ ಕಳಿಸುವುದಾದರೆ ಡಿಸೆಂಬರ್ ಮೊದಲ ವಾರದಲ್ಲೇ ಹಾಕಿಬಿಡಿ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿನ ಅಂಚೆಯವರಿಗೆ ಪುರುಸೊತ್ತೇ ಇರುವುದಿಲ್ಲ. ಬೇಗ ತಲುಪಿದರೆ ಹೊಸ ವರ್ಷದ ಕಾರ್ಡು ಅಂದುಕೊಳ್ಳುತ್ತಾರೆ, ನಷ್ಟವೇನಿಲ್ಲ.

ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದರೆ ಮುಗಿಯಿತಲ್ಲ, ಇಷ್ಟೆಲ್ಲ ಯಾಕೆ ಅಂತ ನಮ್ಮ ಮನೆಯಲ್ಲೂ ಕೇಳುತ್ತಾರೆ. ಆ ಚಿತ್ರಕ್ಕೆ ವಾಪಸ್ ಬರುವುದು ಇನ್ನೊಂದು ಚಿತ್ರ, ಇಲ್ಲವೇ ಕೈ ಮುಗಿದ ಗುರುತು. ಕಾರ್ಡಿನಲ್ಲೂ ಬರೀ ಶುಭಾಶಯ ಬರೆದರೆ ಅದೇ ಕಥೆ. ನೋಡಿದವರು ಟಿವಿ ಪಕ್ಕ ನಿಲ್ಲಿಸಿ ಸುಮ್ಮನಾಗುತ್ತಾರೆ. ಶುಭಾಶಯದ ಕೆಳಗೆ, ಇತ್ತೀಚೆಗೆ ನೀವು ಏನು ಓದಿದಿರಿ ಅಂತ ಎರಡು ಸಾಲು ಬರೆದು ನೋಡಿ. ಅದಕ್ಕೆ ಉತ್ತರ ಬರುತ್ತದೆ. "ನಾನೂ ಓದಿದ್ದೆ, ನನಗೇನೂ ಹಿಡಿಸಲಿಲ್ಲ" ಅಂತಲಾದರೂ ಬರುತ್ತದೆ.

ಅಂಗಡಿಯಲ್ಲಿ ಕಾರ್ಡು ಸಿಗುವುದು ಈಗ ಕಡಿಮೆ. ಸಿಕ್ಕರೂ ಒಳಗೆಲ್ಲ ಇಂಗ್ಲಿಷ್ ಪದ್ಯ ಅಚ್ಚಾಗಿರುತ್ತದೆ, ನಾವು ಬರೆಯಲು ಜಾಗವಿರುವುದಿಲ್ಲ. ಹಾಗಾಗಿ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ದಪ್ಪ ಕಾಗದ, ಎಷ್ಟೋ ಪತ್ರಿಕೆಗಳ ಹಿಂಬದಿ ಪೂರ್ತಿ ಖಾಲಿ. ಗಣಪತಿ ಇರುವ ಭಾಗವನ್ನು ಕತ್ತರಿಸಿ ಕಾರ್ಡಿನ ಮುಂದೆ ಅಂಟಿಸಿ. ದೇವರ ಚಿತ್ರವನ್ನು ಕಸಕ್ಕೆ ಹಾಕಲು ಮನಸ್ಸು ಬಾರದವರಿಗೆ ಅದೂ ಒಂದು ದಾರಿ. ಹೊಳೆಯುವ ಕಾಗದದ ಮೇಲೆ ಜೆಲ್ ಪೆನ್ ಬೇಗ ಒಣಗುವುದಿಲ್ಲ, ಕೈ ತಾಗಿದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಬಾಲ್ ಪೆನ್ನೇ ಸರಿ. ಇದೆಲ್ಲ ರಗಳೆ ಅನ್ನಿಸಿದರೆ ಸ್ಟೇಷನರಿ ಅಂಗಡಿಯಿಂದ ಡ್ರಾಯಿಂಗ್ ಶೀಟ್ ತಂದು ಮಡಚಿ. ಮೂಲೆಗೆ ಅರಿಶಿನ ಹಚ್ಚುವವರು ಹಚ್ಚಿದ ಮೇಲೆ ನೆರಳಿನಲ್ಲಿ ಚೆನ್ನಾಗಿ ಒಣಗಿಸಿಯೇ ಮಡಚಬೇಕು. ಇಲ್ಲದಿದ್ದರೆ ಅರಿಶಿನ ಎದುರಿನ ಪುಟಕ್ಕೂ ಅಂಟುತ್ತದೆ.

ಉತ್ತರ ಕರ್ನಾಟಕದ ಕಡೆ ಸಂಕ್ರಾಂತಿ ಕಾರ್ಡಿನ ಜೊತೆ ಒಂದು ಚಿಟಿಕೆ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹಿಡಿಸಿದ ಎಳ್ಳು, ಹಾಕಿ ಕಳಿಸುವ ರೂಢಿ ಇದೆ. ಬಹಳ ಒಳ್ಳೆಯ ರೂಢಿ. ಮೈಸೂರು ಕಡೆಯವರು ಎಳ್ಳು ಬೀರುವುದು ಮನೆ ಮನೆಗೆ ಹೋಗಿ. ಅವರಿಗೆ ಈ ಅಂಚೆಯ ಎಳ್ಳು ಹೊಸದು ಅನ್ನಿಸಬಹುದು. ಆಸೆಪಟ್ಟು ಮನೆಯಲ್ಲಿ ಮಾಡಿದ ಎಳ್ಳುಬೆಲ್ಲವನ್ನೇ ಕವರಿಗೆ ತುಂಬಬೇಡಿ. ಕೊಬ್ಬರಿ, ಕಡಲೆಬೀಜ ಎರಡೂ ಎಣ್ಣೆ ಬಿಟ್ಟು ಕಾಗದ ಕಲೆಯಾಗುತ್ತದೆ. ಬೆಲ್ಲ ಪಸೆಯೊಡೆದರೆ ದಾರಿಯಲ್ಲೇ ಇರುವೆ ಮುತ್ತುತ್ತವೆ. ಕುಸುರೆಳ್ಳಿಗೆ ಸಕ್ಕರೆ ಪಾಕ ಒಣಗಿ ಕೂತಿರುತ್ತದೆ, ಈ ತೊಂದರೆ ಇಲ್ಲ. ಅದನ್ನು ಬಟರ್ ಪೇಪರಿನಲ್ಲಿ ಗುಡ್ಡೆ ಮಾಡದೆ ತೆಳ್ಳಗೆ ಹರಡಿ, ಮಡಚಿ, ಕಾರ್ಡಿನ ಒಳಗೆ ಟೇಪು ಹಚ್ಚಿ ಕೂರಿಸಿ. ಸ್ಟಾಂಪು ಹಚ್ಚುವ ಮೂಲೆಯ ಕೆಳಗೆ ಮಾತ್ರ ಬೇಡ. ಅಲ್ಲಿ ಅಂಚೆ ಮುದ್ರೆ ಬೀಳುತ್ತದೆ, ಎಳ್ಳು ಪುಡಿಯಾಗುತ್ತದೆ. ವಿದೇಶಕ್ಕೆ ಹೋಗುವ ಕಾರ್ಡಿನಲ್ಲಿ ತಿನ್ನುವ ಪದಾರ್ಥವೇ ಬೇಡ, ಕಸ್ಟಮ್ಸ್‌ನಲ್ಲಿ ಸುಮ್ನೆ ತಕರಾರು.

ಕಾಗದಕ್ಕೆ ಮೊದಲ 20 ಗ್ರಾಂಗೆ 5 ರೂಪಾಯಿ ಸ್ಟಾಂಪು. ಡ್ರಾಯಿಂಗ್ ಶೀಟು, ಕವರು, ಎಳ್ಳು ಎಲ್ಲ ಸೇರಿದರೆ ತೂಕ ಆ ಗಡಿಯ ಹತ್ತಿರವೇ ಬರುತ್ತದೆ. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಇಟ್ಟು ನೋಡಿ. ಸ್ಟಾಂಪು ಕಡಿಮೆ ಬಿದ್ದರೆ ಪಡೆಯುವವರು ದಂಡ ಕಟ್ಟಬೇಕಾಗುತ್ತದೆ, ಹಬ್ಬದ ದಿನ ಅದೇನು ಚೆಂದ? ಪಿನ್ ಕೋಡ್ ಬಿಡಬೇಡಿ. 1972ರಿಂದ ಇದೆ, ಆದರೂ ನಮ್ಮ ವಯಸ್ಸಿನವರಿಗೆ ಇನ್ನೂ ಅದರ ಮೇಲೆ ಅಸಡ್ಡೆ. ಕರ್ನಾಟಕದ ಪಿನ್ ಶುರುವಾಗುವುದು 56ರಿಂದ 59ರ ಒಳಗೆ. ಬೇರೆ ಅಂಕಿಯಿಂದ ಶುರುವಾಗಿದ್ದರೆ ಹಳೆಯ ಡೈರಿಯಲ್ಲಿ ಏನೋ ತಪ್ಪಿದೆ ಅಂತ ತಿಳಿಯಿರಿ.

ಇನ್ನು ಮುಖ್ಯವಾದ ಆ ಎರಡು ಸಾಲು. ಜನವರಿಯಲ್ಲಿ ಕೂತು ವರ್ಷವಿಡೀ ಏನು ಓದಿದೆ ಅಂತ ನೆನಪು ಮಾಡಿಕೊಂಡರೆ ಒಂದೂ ಹೊಳೆಯುವುದಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಓದಿ ಮುಗಿಸಿದ ದಿನದ ಚೌಕದಲ್ಲಿ ಪುಸ್ತಕದ ಹೆಸರು ಬರೆದಿಡಿ. ಡಿಸೆಂಬರಿನಲ್ಲಿ ಹಾಳೆ ಮಗುಚಿದರೆ ಸಾಕು.

ಕಾರ್ಡಿನಲ್ಲಿ ಕಥೆ ಹೇಳಬೇಡಿ. ಓದುತ್ತಾ ಮನಸ್ಸು ಎಲ್ಲಿ ತಡೆದು ನಿಂತಿತು, ಅದನ್ನು ಬರೆಯಿರಿ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ನಮ್ಮ ಪರಿಚಯದ ಮನೆಗಳಲ್ಲಿ ಮಹಾಭಾರತದ ಕಥೆಯ ಅವರ ಕಾದಂಬರಿ 'ಪರ್ವ' ಮತ್ತೆ ಕಪಾಟಿನಿಂದ ಕೆಳಗಿಳಿದಿದೆ. "ಪರ್ವ ಮತ್ತೆ ಓದಿದೆ, ತುಂಬಾ ಚೆನ್ನಾಗಿದೆ" ಅಂತ ಬರೆದರೆ ಎದುರಿನವರಿಗೆ ಮಾತು ಮುಂದುವರಿಸಲು ಏನೂ ಸಿಗುವುದಿಲ್ಲ. "ಅತ್ತಿಗೆ, ಪವಾಡಗಳನ್ನೆಲ್ಲ ತೆಗೆದುಬಿಟ್ಟರೆ ಕುಂತಿ ನಮ್ಮ ಮನೆಯ ಹೆಂಗಸೇ ಆಗಿಬಿಡುತ್ತಾಳಲ್ಲ, ನಿಮಗೂ ಹಾಗೆ ಅನ್ನಿಸಿತಾ?" ಅಂತ ಕೇಳಿ ನೋಡಿ. ಅತ್ತಿಗೆ ಇಡೀ ಇನ್‌ಲ್ಯಾಂಡ್ ಲೆಟರ್ ತುಂಬುವಷ್ಟು ಉತ್ತರ ಬರೆಯುತ್ತಾರೆ. ಆ ಲೇಖಕರ ಬಗ್ಗೆ ಮನೆಯಲ್ಲೇ ಎರಡು ಪಕ್ಷಗಳಿರುತ್ತವೆ, ಗೊತ್ತಲ್ಲ. ಹಬ್ಬದ ಕಾರ್ಡಿನಲ್ಲಿ ಆ ಜಗಳ ಎತ್ತಬೇಡಿ. ಜಗಳಕ್ಕೆ ಫೋನ್ ಇದೆ.

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಸುದ್ದಿ ಎಲ್ಲರಿಗೂ ಗೊತ್ತು. ಅದನ್ನು ಕಾರ್ಡಿನಲ್ಲಿ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ. ಯಾವ ಕಥೆ ಓದಿದಿರಿ, ಅದರ ಹೆಸರು ಬರೆಯಿರಿ. ಇದರಲ್ಲಿ ಇನ್ನೊಂದು ಅನುಕೂಲವಿದೆ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಇದೆಯಲ್ಲ, ಅದರಲ್ಲಿ 12 ಕಥೆಗಳು. ಕನ್ನಡ ಓದಲು ಬಾರದ ಮೊಮ್ಮಗಳು ಅಲ್ಲಿ ಅದನ್ನು ಓದಲಿ, ನೀವು ಇಲ್ಲಿ ಕನ್ನಡದಲ್ಲಿ ಓದಿ. "ಪುಟ್ಟಿ, ಹಾರ್ಟ್ ಲ್ಯಾಂಪ್ ಅನ್ನುವ ಕಥೆ ಓದು, ನಾನೂ ಅದನ್ನು ಕನ್ನಡದಲ್ಲಿ ಎದೆಯ ಹಣತೆ ಅಂತ ಓದಿದ್ದೇನೆ" ಅಂತ ಅಮ್ಮನ ಕೈಲಿ ಓದಿಸಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಭಾನುವಾರದ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ" ಬಿಟ್ಟು ಬೇರೆ ಮಾತೂ ಇರುತ್ತದೆ.

ಎಲ್ಲರಿಗೂ ಒಂದೇ ಸಾಲು ಬರೆಯಬೇಡಿ. ಅಕ್ಕತಂಗಿಯರು ಕಾರ್ಡು ಹೋಲಿಸಿ ನೋಡುತ್ತಾರೆ! ಕಣ್ಣಿನ ಆಪರೇಷನ್ ಆದ ಚಿಕ್ಕಮ್ಮನಿಗೆ ಪುಸ್ತಕ ಹೇಳುವಾಗ ಅಕ್ಷರ ದಪ್ಪವೋ ಸಣ್ಣವೋ ಅದನ್ನೂ ತಿಳಿಸಿ. ಮಲಗಿ ಓದುವವರಿಗೆ ತೂಕ ಹೇಳಿ. 'ಮಲೆಗಳಲ್ಲಿ ಮದುಮಗಳು' ಎದೆ ಮೇಲಿಟ್ಟುಕೊಂಡು ಓದುವ ಪುಸ್ತಕವಲ್ಲ, ಮೇಜು ಬೇಕು. ಪೇಪರ್ ಬಿಟ್ಟು ಏನೂ ಓದದ ಭಾವನವರಿಗೆ ಒಂದು ಒಳ್ಳೆಯ ಲೇಖನ ಕತ್ತರಿಸಿ ಕಾರ್ಡಿನೊಳಗೆ ಇಟ್ಟರಾಯಿತು. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಧಾರಾಳವಾಗಿ ಬರೆಯಿರಿ, ಜನಕ್ಕೆ ಅದರಲ್ಲೇ ಜಾಸ್ತಿ ಕುತೂಹಲ. ಕಗ್ಗದ ಪದ್ಯ ಮಾತ್ರ ಬೇಡ. ಕಗ್ಗ ದೊಡ್ಡದೇ, ಆದರೆ ದಿನಾ ಬೆಳಿಗ್ಗೆ ಮೂರು ಗ್ರೂಪಿನಿಂದ ಎಲ್ಲರ ಫೋನಿಗೂ ಬಂದಿರುತ್ತದೆ.

ವರ್ಷದೊಳಗೆ ಸಾವಾದ ಮನೆಗೆ ಏನು ಮಾಡುವುದು ಅಂತ ಬಹಳ ಜನ ಕೇಳುತ್ತಾರೆ. ಅವರು ಆ ವರ್ಷ ಹಬ್ಬ ಮಾಡುವುದಿಲ್ಲ. ಎಳ್ಳು, ಅರಿಶಿನ, ಶುಭಾಶಯ ಯಾವುದೂ ಕೂಡದು. ಅದಕ್ಕೇ ಎಲ್ಲರೂ ಅವರನ್ನು ಬಿಟ್ಟುಬಿಡುತ್ತಾರೆ, ಅಂಚೆಯವನು ಆ ಮನೆಯ ಮುಂದೆ ನಿಲ್ಲುವುದೇ ಇಲ್ಲ. ಅಲ್ಲಿಗೆ 50 ಪೈಸೆಯ ಪೋಸ್ಟ್ ಕಾರ್ಡು ಹಾಕಿ. ಹಬ್ಬದ ಸುದ್ದಿ ಎತ್ತದೆ, ಓದುತ್ತಿರುವ ಪುಸ್ತಕದ ಬಗ್ಗೆ ಬರೆಯಿರಿ. ತೀರಿಕೊಂಡವರು ಓದುವ ಅಭ್ಯಾಸದವರಾಗಿದ್ದರೆ ಅವರು ಮೆಚ್ಚುತ್ತಿದ್ದ ಪುಸ್ತಕವನ್ನೇ ತೆಗೆದು ಓದಿ, ಅದನ್ನು ಹೇಳಿ. ಸಮಾಧಾನದ ಮಾತು ಹುಡುಕುವ ಕಷ್ಟವೂ ತಪ್ಪುತ್ತದೆ.

ಕಾರ್ಡು ಓದಿ "ಆ ಪುಸ್ತಕ ಕಳಿಸ್ತೀಯಾ" ಅಂತ ಯಾರಾದರೂ ಕೇಳಿದರೆ, ಅಂಚೆ ಕಚೇರಿಯಲ್ಲಿ ಜ್ಞಾನ ಪೋಸ್ಟ್ ಅಂತ ಕೇಳಿ. 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ನಿಧಾನವಾಗಿ ಹೋಗುತ್ತದೆ, ಆದರೆ ಎಲ್ಲಿದೆ ಅಂತ ನಂಬರ್ ಹಾಕಿ ನೋಡಬಹುದು. ಮೂಲೆಗಳಿಗೆ ರಟ್ಟು ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಮೇಲೆ ಕಂದು ಕಾಗದ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಊರು ಬರೆದಿಡಿ. ಯಾರಿಗೆ ಹೋಯಿತು ಅನ್ನುವುದನ್ನು ಅದೇ ಹಾಲಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಅವರೇ ಕೊಟ್ಟಾರು ಅಂತ ಕಾಯಬೇಡಿ, ಯುಗಾದಿಗೆ ಹೋದಾಗ ಕೇಳಿ ತನ್ನಿ.