ಸಿ ಡ್ರೈವ್ ತುಂಬಿದಾಗ: ಹಳೇ ಮನೆ ಕಂಪ್ಯೂಟರ್‌ನಲ್ಲಿ ಜಾಗ ಮಾಡಿದ ಕ್ರಮ

ವಿಂಡೋಸ್ 10, 8 ಜಿಬಿ ರ‍್ಯಾಮ್, ಸಿ ಡ್ರೈವ್‌ಗೆ 120 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವ್‌ಗೆ ಹಳೇ ಹಾರ್ಡ್ ಡಿಸ್ಕ್. ಸಿ ತುಂಬಿಹೋಗಿ ಅಪ್‌ಡೇಟ್ ಕೂಡ ಇನ್‌ಸ್ಟಾಲ್ ಆಗುತ್ತಿರಲಿಲ್ಲ.

ಮೊದಲು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಕ್ಲೀನಪ್. ಅದರಲ್ಲಿ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಒತ್ತಿದ ಮೇಲೇ ಅಪ್‌ಡೇಟ್‌ಗಳ ಉಳಿಕೆ, ಹಳೇ ವಿಂಡೋಸ್ ಫೈಲುಗಳು ಕಾಣುವುದು. ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಇದ್ದರೆ ಟಿಕ್ ತೆಗೆಯಿರಿ. ಮಕ್ಕಳ ಮಾರ್ಕ್ಸ್ ಕಾರ್ಡು, ಆಧಾರ್ ಪಿಡಿಎಫ್ ಬಿದ್ದಿರುವುದೇ ಅಲ್ಲಿ. ಇಲ್ಲಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಹೈಬರ್ನೇಟ್ ಅಂದರೆ ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಆಗುವುದು. ಅದಕ್ಕಾಗಿ ಇಡುವ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟಿರುತ್ತದೆ, ಇಲ್ಲಿ ಸುಮಾರು 3.2 ಜಿಬಿ. ಕಮಾಂಡ್ ಪ್ರಾಂಪ್ಟನ್ನು (ಆದೇಶ ಟೈಪ್ ಮಾಡುವ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೈಬರ್ನೇಟ್ ಆಫ್ ಮಾಡಿದರೆ ಅದು ತಾನಾಗಿ ಅಳಿಯುತ್ತದೆ. ಜೊತೆಗೆ ಕಂಪ್ಯೂಟರ್ ಬೇಗ ಆನ್ ಆಗಿಸುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಎಸ್‌ಎಸ್‌ಡಿ ಇದ್ದಾಗ ಅದೇನೂ ದೊಡ್ಡ ನಷ್ಟವಲ್ಲ.

ನಿಜವಾದ ಭಾರ ಫೋಟೋ, ವಿಡಿಯೊಗಳದು. ಡಿ ಡ್ರೈವ್‌ನಲ್ಲಿ 'ಚಿತ್ರಗಳು' ಅಂತ ಒಂದು ಫೋಲ್ಡರ್ ಮಾಡಿ. ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್; ಆ ಫೋಲ್ಡರ್ ಆರಿಸಿ ಅಪ್ಲೈ ಕೊಡಿ. ಫೋಲ್ಡರ್ ಮಾಡದೆ ಬರೀ ಡಿ ಡ್ರೈವನ್ನೇ ತೋರಿಸಿದರೆ ಇಡೀ ಡ್ರೈವ್ ಪಿಕ್ಚರ್ಸ್ ಆಗಿಬಿಡುತ್ತದೆ, ಮತ್ತೆ ಬಿಡಿಸುವುದು ತಲೆನೋವು. ಫೋಟೋಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೋ ಇರಲೇಬೇಕು, ಹಳೇ ಹಾರ್ಡ್ ಡಿಸ್ಕನ್ನು ಒಂಟಿಯಾಗಿ ನಂಬಬೇಡಿ.

ವಿಂಡೋಸ್ ಫೋಲ್ಡರ್ ಒಳಗಿನ 'ವಿನ್‌ಎಸ್‌ಎಕ್ಸ್‌ಎಸ್' ಎಷ್ಟೇ ದೊಡ್ಡದಾಗಿ ಕಂಡರೂ ಕೈಯಿಂದ ಅಳಿಸಬೇಡಿ. ಅದರಲ್ಲಿನ ಬಹಳಷ್ಟು ಫೈಲುಗಳನ್ನು ವಿಂಡೋಸ್ ಬೇರೆ ಫೋಲ್ಡರ್‌ಗಳ ಜೊತೆ ಹಂಚಿಕೊಂಡಿರುತ್ತದೆ. ತೆಗೆದರೆ ಕಂಪ್ಯೂಟರ್ ಬೂಟ್ ಆಗದೇ ಹೋಗಬಹುದು.