ರಿಗ್ ಎಣಿಕೆಯನ್ನು ಓದುವುದು ಹೇಗೆ?

ಅಮೆರಿಕದಲ್ಲಿ ತೈಲ ಬಾವಿ ಕೊರೆಯುವ ಯಂತ್ರಗಳಾದ ರಿಗ್‌ಗಳ ಸಂಖ್ಯೆ ಇಳಿದಿದೆ ಎಂಬ ಸುದ್ದಿ ಕಂಡೊಡನೆ, ಇನ್ನು ತೈಲ ಕಡಿಮೆಯಾಗಿ ಬೆಲೆ ಏರುವುದು ಖಂಡಿತ ಎಂದುಕೊಂಡು ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ಕಚ್ಚಾ ತೈಲ ಕೊಂಡು ಕೈ ಸುಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಸಂಖ್ಯೆಯನ್ನು ಓದುವುದಕ್ಕೆ ಒಂದು ಕ್ರಮವಿದೆ.

ಮೊದಲು ಮೂಲ ಪಟ್ಟಿಯನ್ನೇ ತೆರೆಯಿರಿ. ತೈಲಬಾವಿಗಳಿಗೆ ಸೇವೆ ಒದಗಿಸುವ ಬೇಕರ್ ಹ್ಯೂಸ್ ಸಂಸ್ಥೆ 1944ರಿಂದ ವಾರವಾರವೂ ನೀಡುತ್ತಿರುವ ಈ ಪಟ್ಟಿ ಸಾಮಾನ್ಯವಾಗಿ ಶುಕ್ರವಾರ, ನಮ್ಮ ಗಡಿಯಾರದಂತೆ ಬೇಸಿಗೆಯಲ್ಲಿ ರಾತ್ರಿ 10.30ಕ್ಕೆ, ಚಳಿಗಾಲದಲ್ಲಿ 11.30ಕ್ಕೆ ಉಚಿತವಾಗಿ ಸಿಗುತ್ತದೆ. ಇದನ್ನೇ ಬಣ್ಣದ ನಕ್ಷೆ ಮಾಡಿ ತಿಂಗಳ ಚಂದಾಕ್ಕೆ ಮಾರುವ 'ಟಿಪ್ಸ್' ಗುಂಪುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡನೆಯದಾಗಿ, ಎಣಿಕೆಗೆ ಯಾವುದು ಸೇರುತ್ತದೆ ಎಂಬುದನ್ನು ತಿಳಿಯಿರಿ. ಬಾವಿ ಕೊರೆಯಲು ಆರಂಭಿಸಿದಾಗಿನಿಂದ ಗುರಿಯ ಆಳ ಮುಟ್ಟುವವರೆಗೆ ಮಾತ್ರ ರಿಗ್ ಲೆಕ್ಕಕ್ಕೆ ಬರುತ್ತದೆ. ಸ್ಥಳ ಬದಲಿಸುತ್ತಿರುವುದು, ಹಳೆಯ ಬಾವಿಯ ದುರಸ್ತಿಗೆ ನಿಂತಿರುವುದು ಬರುವುದಿಲ್ಲ.

ಮೂರನೆಯದಾಗಿ, ದೇಶದ ಒಟ್ಟು ಮೊತ್ತವನ್ನು ಬಿಟ್ಟು ನಿಮಗೆ ಬೇಕಾದ ತೈಲಪ್ರದೇಶವನ್ನೂ ಅಡ್ಡ ಬಾವಿಗಳ (ಕೆಳಗಿಳಿದು ಬಳಿಕ ಅಡ್ಡಲಾಗಿ ಸಾಗುವ ಬಾವಿಗಳ) ಕಾಲಂ ಅನ್ನೂ ಆರಿಸಿಕೊಳ್ಳಿ.

ಎಲ್ಲರೂ ಎಡವುವುದು ನಾಲ್ಕನೆಯ ಹಂತದಲ್ಲಿ, ಅಂದರೆ ರಿಗ್‌ನಿಂದ ಬ್ಯಾರೆಲ್‌ಗೆ ಹೋಗುವಾಗ. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ 2012ರ ಮೇ ತಿಂಗಳಲ್ಲಿ 218 ರಿಗ್‌ಗಳಿದ್ದವು, ದಿನದ ಉತ್ಪಾದನೆ ಸುಮಾರು 6.4 ಲಕ್ಷ ಬ್ಯಾರೆಲ್. 2019ರ ನವೆಂಬರ್ ವೇಳೆಗೆ ರಿಗ್‌ಗಳು 60ರ ಆಸುಪಾಸಿಗೆ ಇಳಿದಿದ್ದರೂ ಉತ್ಪಾದನೆ 15 ಲಕ್ಷ ದಾಟಿತ್ತು. ಅಲ್ಲಿನ ಬಾಕನ್ ಎಂಬ ತೈಲವಿರುವ ಶಿಲಾಪದರದಲ್ಲಿ ಬಾವಿಯು ಸುಮಾರು 10,000 ಅಡಿ ನೇರವಾಗಿ ಇಳಿದು, ಬಳಿಕ ಬಾಗಿ, ಮೇಲೂ ಕೆಳಗೂ ಕಪ್ಪು ಶೇಲ್ (ಕೆಸರು ಗಟ್ಟಿಯಾಗಿ ಆದ ಪದರಗಲ್ಲು) ಇರುವ ತೆಳುವಾದ ಕಲ್ಲಿನ ಪದರದೊಳಗೆ ಎರಡು ಮೈಲಿಯಷ್ಟು ಅಡ್ಡಲಾಗಿ ಸಾಗುತ್ತದೆ. ಕೊರೆಯುವ ತುದಿ ದಾರಿ ತಪ್ಪಿ ಶೇಲ್‌ಗೆ ನುಗ್ಗಿದರೆ ಕಲ್ಲಿನ ಸಹಜ ವಿಕಿರಣವನ್ನು ಅಳೆಯುವ ಗಾಮಾ ಮಾಪಕದ ಗೆರೆ ಜಿಗಿಯುತ್ತದೆ, ಅದನ್ನು ನೋಡಿಯೇ ದಿಕ್ಕು ತಿದ್ದುತ್ತಾರೆ. ಒಂದು ಬಾವಿ ಮುಗಿದೊಡನೆ, ರಿಗ್ಗನ್ನು ಬಿಚ್ಚದೆ, ಅದೇ ಅಂಗಳದಲ್ಲಿ ಕೆಲವು ಅಡಿ ಸರಿಸಿ ಮುಂದಿನದನ್ನು ಆರಂಭಿಸುತ್ತಾರೆ. ಒಂದು ರಿಗ್ ವರ್ಷಕ್ಕೆ ಒಂದೊಂದು ಮೈಲಿಯ 12 ಬಾವಿ ಕೊರೆಯುತ್ತಿತ್ತು, ಈಗ ಎರಡೆರಡು ಮೈಲಿಯ 20 ಕೊರೆಯುತ್ತಿದೆ ಎಂದಿಟ್ಟುಕೊಳ್ಳಿ: 12 ಮೈಲಿಯ ಜಾಗದಲ್ಲಿ 40 ಮೈಲಿಯಾಯಿತು, ಪಟ್ಟಿಯಲ್ಲಿ ಮಾತ್ರ ಅದು ಇನ್ನೂ ಒಂದೇ ರಿಗ್. ಆದ್ದರಿಂದ ರಿಗ್‌ಗಳ ಸಂಖ್ಯೆಯನ್ನು ಒಂದು ರಿಗ್ ವರ್ಷದಲ್ಲಿ ಕೊರೆಯುವ ಒಟ್ಟು ಅಡ್ಡ ಉದ್ದದೊಡನೆ ಗುಣಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಹಿಂದಿನ ವರ್ಷದ 'ರಿಗ್ಗಿಗೆ ಇಷ್ಟು ಬ್ಯಾರೆಲ್' ಎಂಬ ಸರಾಸರಿಯನ್ನು ಹಾಗೆಯೇ ಎತ್ತಿ ಬಳಸುವ ಅಡ್ಡದಾರಿಯನ್ನಂತೂ ಹಿಡಿಯಲೇಬೇಡಿ.

ಕೊನೆಯದಾಗಿ, ಕೊರೆದಿಟ್ಟರೂ ಫ್ರ್ಯಾಕಿಂಗ್ (ಒತ್ತಡದ ನೀರಿನಿಂದ ಕಲ್ಲನ್ನು ಸೀಳಿ ತೈಲ ಹರಿಸುವ ಕೆಲಸ) ಆಗದೆ ಉಳಿದ ಬಾವಿಗಳ ಸಂಖ್ಯೆಯನ್ನು ಅಮೆರಿಕದ ಇಂಧನ ಮಾಹಿತಿ ಆಡಳಿತದ ಮಾಸಿಕ ಅಂಕಿಗಳಲ್ಲಿ ನೋಡಿಕೊಳ್ಳಿ. ಈ ದಾಸ್ತಾನು ದೊಡ್ಡದಿದ್ದರೆ ರಿಗ್‌ಗಳು ನಿಂತ ಮೇಲೂ ತಿಂಗಳುಗಟ್ಟಲೆ ಹೊಸ ತೈಲ ಹರಿಯುತ್ತಲೇ ಇರುತ್ತದೆ.