ಮೊದಲು ಬಿಚ್ಚುವುದು ಕಲಿತೆ

ಮದುವೆಗೆ ಮುಂಚೆ ನಾಲ್ಕು ವರ್ಷ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅಲ್ಲಿ ಒಂದು ಅಂಗಿಯನ್ನು ಪೂರ್ತಿ ಒಬ್ಬರೇ ಹೊಲಿಯುವುದಿಲ್ಲ. ಕಾಲರ್‌ಗೆ ಒಬ್ಬರು, ಜೇಬಿಗೆ ಒಬ್ಬರು, ತೋಳು ಕೂಡಿಸುವುದಕ್ಕೆ ಇನ್ನೊಬ್ಬರು. ನನ್ನ ಪಾಲಿಗೆ ಬಂದಿದ್ದು ಕಫ್, ಅಂದರೆ ತೋಳಿನ ತುದಿಯ ಪಟ್ಟಿ. ಬೆಳಗ್ಗೆಯಿಂದ ಸಂಜೆವರೆಗೆ ಬರೀ ಕಫ್. ಹಾಗಾಗಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದು, ಮಗಳು ಹುಟ್ಟಿ, ಮನೆಯ ಕಾಲು ಮಿಷನ್ ಮುಂದೆ ಕೂತಾಗ ನನ್ನ ಕೈ ಓಡಲಿಲ್ಲ. ಒಂದು ಪುಟ್ಟ ಫ್ರಾಕ್ ಕೂಡ ಮೊದಲಿಂದ ಕೊನೆವರೆಗೆ ಹೊಲಿದು ಗೊತ್ತಿರಲಿಲ್ಲ.

ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಹಳೆ ಬಟ್ಟೆಯನ್ನೇ ಹಾಕುತ್ತೇವೆ. ತಾತನ ಪಂಚೆ ಹರಿದರೆ ಅದೇ ಲಂಗೋಟಿ, ಅದೇ ಹಾಸಿಗೆ. ಬಾಣಂತನದಲ್ಲಿ ಆ ಬಟ್ಟೆ ಎಷ್ಟು ಮೆತ್ತಗಿರುತ್ತದೆ ಅಂತ ಕೈಯಾರೆ ನೋಡಿದೆ. ನೂರಾರು ಸಲ ಒಗೆದು ಗಂಜಿಯೆಲ್ಲ ಹೋಗಿರುತ್ತದೆ. ಕುಗ್ಗುವುದೆಲ್ಲ ಕುಗ್ಗಿರುತ್ತದೆ, ಹೋಗುವ ಬಣ್ಣವೂ ಹೋಗಿರುತ್ತದೆ. ಮಗುವಿನ ಚರ್ಮಕ್ಕೆ ಇನ್ನೇನು ಬೇಕು, ಅಲ್ವಾ? ಮನೆಯವರ ಹಳೆ ಅಂಗಿಗಳು ಬೀರುವಿನಲ್ಲಿ ಸುಮ್ನೆ ಬಿದ್ದಿದ್ದವು. ಅದರಲ್ಲೇ ಹೊಲಿಯೋಣ ಅಂದುಕೊಂಡೆ.

ಮೊದಲನೆಯದು ಕೆಟ್ಟಿತು. ಮಗಳ ಎದೆ ಸುತ್ತಳತೆ ತೆಗೆದು, ಅಂಗಿಯ ಬೆನ್ನಿನ ಭಾಗಕ್ಕೆ ನೇರವಾಗಿ ಕತ್ತರಿ ಹಾಕಿದ್ದೆ. ಹೊಲಿದು ಮುಗಿಸಿ ಹಾಕಲು ಹೋದರೆ ಕುತ್ತಿಗೆಯಲ್ಲಿ ತಲೆ ತೂರಲಿಲ್ಲ. ಮಗು ಅತ್ತು ಅತ್ತು ಕೆಂಪಾಯಿತು. ಒಂದು ವರ್ಷದ ಮಗುವಿನ ತಲೆ ಸುತ್ತಳತೆ ಹೆಚ್ಚುಕಡಿಮೆ 18 ಇಂಚು ಇರುತ್ತದೆ, ಎದೆಯೂ ಅಷ್ಟೇ ಇರುತ್ತದೆ. ದೊಡ್ಡವರ ಅಳತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆವತ್ತು ಕತ್ತರಿ ಪಕ್ಕಕ್ಕಿಟ್ಟೆ.

ನಮ್ಮತ್ತೆ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದುಡಿದವರು. ನಮ್ಮೂರಲ್ಲಿ ಗೂಡಿನ ಮಾರುಕಟ್ಟೆ ಇದೆ, ಚರಕ ನಡೆಸುವ ಮನೆಗಳೂ ಇವೆ. ಬಿಸಿನೀರಲ್ಲಿ ಗೂಡು ಬೆಂದು ಅಂಟು ಸಡಿಲವಾದ ಮೇಲೆ ಎಳೆ ಹುಡುಕಿ ತೆಗೆಯುತ್ತಾರೆ. ನಾನು ಇನ್ನೊಂದು ಅಂಗಿ ಹಿಡಿದು ಹೊಲಿಗೆಯನ್ನು ಜಗ್ಗುವುದು ನೋಡಿ ಅವರು ಪಕ್ಕ ಬಂದು ಕೂತರು. "ಜಗ್ಗಬೇಡಮ್ಮ. ತುದಿ ಎಲ್ಲಿದೆ ಅಂತ ಮೊದ್ಲು ನೋಡು. ತುದಿ ಸಿಕ್ಕಿದ್ರೆ ಅದಾಗೇ ಬರುತ್ತೆ" ಅಂದರು.

ನಿಜ ಹೇಳಬೇಕೆಂದರೆ ಅದು ನನಗೇ ಹೊಳೆಯಬೇಕಿತ್ತು. ಕಾರ್ಖಾನೆಯಲ್ಲಿ ಹೊಲಿದ ಅಂಗಿಯ ಪಕ್ಕದ ಹೊಲಿಗೆ ಹೆಚ್ಚಾಗಿ ಚೈನ್ ಹೊಲಿಗೆ. ಹೊಲಿಗೆ ಮುಗಿದ ತುದಿಯನ್ನು ಹುಡುಕಿ ಒಳಗಿನ ದಾರ ಎಳೆದರೆ ಅಕ್ಕಿ ಮೂಟೆಯ ಬಾಯಿ ಬಿಚ್ಚಿದ ಹಾಗೆ ಸರ್ರನೆ ಬರುತ್ತದೆ. ಇನ್ನೊಂದು ತುದಿಯಿಂದ ಎಳೆದರೆ ಗಂಟು ಬೀಳುತ್ತದೆ. ಕಾಲರ್, ಕಫ್, ಜೇಬಿನ ಹೊಲಿಗೆ ಹಾಗಲ್ಲ. ಅಲ್ಲಿ ಮೂರ್ನಾಲ್ಕು ಹೊಲಿಗೆಗೆ ಒಂದರಂತೆ ಬ್ಲೇಡಿನ ಮೂಲೆಯಿಂದ ಕತ್ತರಿಸಬೇಕು. ಆಮೇಲೆ ಹಿಂದುಗಡೆಯ ದಾರವನ್ನು ಮೆಲ್ಲಗೆ ತೆಗೆಯಬೇಕು. ಅವತ್ತು ಒಂದು ಅಂಗಿ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದೆ. ಬೆನ್ನು, ಎರಡು ಮುಂಭಾಗ, ಭುಜದ ಪಟ್ಟಿ, ತೋಳುಗಳು. ನಾಲ್ಕು ವರ್ಷ ಲೈನಿನಲ್ಲಿ ಕೂತು ಕಾಣದ ಅಂಗಿ ಅವತ್ತು ಕಂಡಿತು. ತೋಳಿನ ತಲೆ ಯಾಕೆ ಗುಂಡಗೆ ಕತ್ತರಿಸುತ್ತಾರೆ, ಭುಜದ ಪಟ್ಟಿ ಯಾಕೆ ಎರಡು ಪದರ, ಎಲ್ಲ ಅರ್ಥವಾಯಿತು.

ಈಗ ಬಿಚ್ಚಿದ ಮೇಲೆ ಪ್ರತಿ ತುಂಡನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಸವೆದ ಕಡೆ ಬೆಳಕು ಜಾಸ್ತಿ ಕಾಣುತ್ತದೆ. ಕಾಲರ್ ಮಡಿಕೆ, ಕಂಕುಳು, ಮೊಣಕೈ ಮೊದಲು ಹೋಗುವ ಜಾಗಗಳು. ಬೆನ್ನು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಯಾವ ಬಟ್ಟೆ ಅಂತ ಅನುಮಾನ ಬಂದರೆ ಒಂದೆರಡು ಎಳೆ ತೆಗೆದು ಸುಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉಳಿಯುವುದು ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಅಂಗಿ ಮಗುವಿಗೆ ಬೇಡ, ಚೀಲಕ್ಕಾಗುತ್ತದೆ.

ಫ್ರಾಕ್ ಹೊಲಿಯುವಾಗ ಅಂಗಿಯ ಗುಂಡಿ ಪಟ್ಟಿಯನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ಕಾಜಾ ಮಾಡುವ ಕೆಲಸವನ್ನು ಯಾರೋ ಚೆನ್ನಾಗಿ ಮಾಡಿಟ್ಟಿದ್ದಾರೆ, ಅದನ್ನು ಯಾಕೆ ಎಸೆಯಬೇಕು? ಅಂಗಿಯ ಮುಂಭಾಗ ಫ್ರಾಕಿನ ಬೆನ್ನಾಗುತ್ತದೆ. ಹಿಂದೆ ಪೂರ್ತಿ ತೆರೆದುಕೊಳ್ಳುವುದರಿಂದ ತಲೆಯ ತೊಂದರೆಯೂ ಇಲ್ಲ. ಗಂಡಸರ ಅಂಗಿಯಲ್ಲಿ ಗುಂಡಿಗಳು ದೂರ ದೂರ ಇರುತ್ತವೆ, ಹಾಗಾಗಿ ನಡುವೆ ಒಂದೊಂದು ಪ್ರೆಸ್ ಬಟನ್ ಹಾಕುತ್ತೇನೆ. ಗುಂಡಿಗಳನ್ನು ಬಿಚ್ಚಿ ಜೋಡಿ ದಾರದಲ್ಲಿ ಮತ್ತೆ ಹೊಲಿಯುವುದು ಮಾತ್ರ ತಪ್ಪಿಸುವುದಿಲ್ಲ. ಸಡಿಲ ಗುಂಡಿ ಮಗುವಿನ ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ಲಾಡಿಯನ್ನೂ ಇಡುವುದಿಲ್ಲ. ಕಾಲರ್ ಒಳಗಿನ ಗಟ್ಟಿ ಕ್ಯಾನ್ವಾಸ್ ಚುಚ್ಚುತ್ತದೆ, ಅದು ಬೇಡವೇ ಬೇಡ. ತೋಳಿನ ಬಟ್ಟೆಯಿಂದ ಒಂದೂಕಾಲು ಇಂಚಿನ ಕ್ರಾಸ್ ಪಟ್ಟಿ ಕತ್ತರಿಸಿ ಕುತ್ತಿಗೆಗೆ ಕೊಡುತ್ತೇನೆ. ಓರೆಯಾಗಿ ಕತ್ತರಿಸಿದ ಪಟ್ಟಿ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ತಿರುವಿನಲ್ಲಿ ಸುಕ್ಕು ಬೀಳುವುದಿಲ್ಲ.

ಉದ್ದ ತೋಳು ಎರಡಿದ್ದರೆ ಒಂದು ಪ್ಯಾಂಟಾಗುತ್ತದೆ. ಆದರೆ ಅಂಗಿಯ ಮೊಣಕೈ ಮಗುವಿನ ಮೊಣಕಾಲಿನ ಹತ್ತಿರ ಬರುತ್ತದೆ. ಅಂಬೆಗಾಲಿಡುವ ಮಗು ಮೊದಲು ಹರಿಯುವುದೇ ಆ ಜಾಗವನ್ನು. ಹಾಗಾಗಿ ಮೊಣಕೈಯಿಂದ ಮೇಲಕ್ಕೆ ಕತ್ತರಿಸಿ ಚಡ್ಡಿ ಮಾಡಿದೆ.

ಮಗಳಿಗೆ ಮೂರು ತುಂಬಿದಾಗ ಅತ್ತೆ ತಮ್ಮ ಮದುವೆಯ ರೇಷ್ಮೆ ಸೀರೆ ತಂದು ಮಡಿಲಲ್ಲಿಟ್ಟರು. ಬೀದಿಯಲ್ಲಿ ಹಳೆ ಜರಿ ಸೀರೆ ಕೊಳ್ಳುವವರು ಎಷ್ಟು ಸಲ ಬಂದರೂ ಕೊಡದೆ ಇಟ್ಟುಕೊಂಡಿದ್ದ ಸೀರೆ ಅದು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದು ಮಡಿಕೆಗಳಲ್ಲೆಲ್ಲ ಸೀಳಿತ್ತು. ನನಗೆ ಕತ್ತರಿ ಹಿಡಿಯಲು ಕೈ ನಡುಗಿತು. ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾ ಹೋದೆವು. ಪರ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಗುರುತಿಲ್ಲದ ಜಾಗ ಸೆರಗಿನ ಪಕ್ಕ ಎರಡು ತುಂಡು ಸಿಕ್ಕಿತು.

ಸೀರೆಯ ಅಂಚನ್ನೇ ಲಂಗದ ಅಂಚಾಗಿ ಇಟ್ಟುಕೊಂಡೆ, ಕೆಳಗೆ ಮಡಚಿ ಹೊಲಿಯುವ ಕೆಲಸ ತಪ್ಪಿತು. ಹಳೆ ರೇಷ್ಮೆ ತನ್ನ ಭಾರವನ್ನೇ ತಡೆಯುವುದಿಲ್ಲ. ಅದಕ್ಕೆ ಮಾವನ ಪಂಚೆಯ ಲೈನಿಂಗ್ ಕೊಟ್ಟು, ಸೊಂಟದಲ್ಲಿ ಎರಡನ್ನೂ ಸೇರಿಸಿ ನೆರಿಗೆ ಹಿಡಿದೆ. ಮಿಷನ್ನಿಗೆ 11ನೇ ನಂಬರ್ ಸೂಜಿ ಹಾಕಿದೆ. ದಪ್ಪ ಸೂಜಿ ರೇಷ್ಮೆಯಲ್ಲಿ ತೂತು ಬಿಡುತ್ತದೆ. ಮೂರು ವರ್ಷದ ಮಗುವಿಗೆ ಸೊಂಟದಲ್ಲಿ ಲಂಗ ನಿಲ್ಲುವುದಿಲ್ಲ. ತೋಳಿಲ್ಲದ ಒಂದು ಹತ್ತಿ ಬಾಡಿ ಹೊಲಿದು ಅದಕ್ಕೆ ಜೋಡಿಸಿದೆ. ಉದ್ದ ಬೇಕಂತಲೇ ನಾಲ್ಕು ಇಂಚು ಜಾಸ್ತಿ ಬಿಟ್ಟು, ಅಂಚಿನ ಮೇಲೆ ಒಂದೊಂದು ಇಂಚಿನ ಎರಡು ಟಕ್, ಅಂದರೆ ಅಡ್ಡಕ್ಕೆ ಮಡಚಿದ ಹೊಲಿಗೆ, ಹಾಕಿದೆ. ಒಂದು ಬಿಚ್ಚಿದರೆ ಎರಡು ಇಂಚು ಇಳಿಯುತ್ತದೆ.

ಈ ಸಲ ಗೌರಿ ಹಬ್ಬಕ್ಕೆ ಲಂಗ ಮೀನಖಂಡದ ಮೇಲೆ ನಿಂತಿತ್ತು. ಅತ್ತೆ ಕನ್ನಡಕ ಹಾಕಿಕೊಂಡು, ತುದಿ ಹುಡುಕಿ, ತಾವೇ ಒಂದು ಟಕ್ ಬಿಚ್ಚಿದರು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೂ ಹಳೆ ಗೆರೆ ಸಣ್ಣಗೆ ಕಾಣುತ್ತಿದೆ. ಇನ್ನೊಂದು ಟಕ್ ಹಾಗೇ ಇದೆ.